ಅಪ್ಪನ ಕಿವಿಗೆ ಅವಳ ದನಿ

ಕೊಟ್ಟಿಗೆಹಾರದಲ್ಲಿ ಬಸ್ಸುಗಳು ಘಾಟಿ ಇಳಿಯುವ ಮೊದಲು ನಿಲ್ಲುವ ಜಾಗದ ಎದುರಿಗೇ ಅಪ್ಪ ಟೆಲಿಫೋನ್ ಬೂತ್ ಇಟ್ಟಿದ್ದರು. ಅದಕ್ಕೆ ಇಟ್ಟದ್ದು ನನ್ನ ಹೆಸರು. ಹಳದಿ ಬೋರ್ಡಿನಲ್ಲಿ ಕಪ್ಪಕ್ಷರದ ಹೆಸರು ಕಾಣಿಸಿದ ಕೂಡಲೇ, ಶಾಲೆಯಿಂದ ಬರುತ್ತಿದ್ದ ನಾನು ನಡಿಗೆ ನಿಧಾನ ಮಾಡುತ್ತಿದ್ದೆ. ಜೊತೆಗಿದ್ದ ಹುಡುಗಿಯರು ಅದನ್ನು ಓದಲಿ ಎಂದು.

ಪಿಯುಸಿ ಮುಗಿದ ಮೇಲೆ ಮದುವೆಯಾಗುವವರೆಗೂ ಆ ಬೂತಿನಲ್ಲಿ ಕೂತವಳು ನಾನು. ಎಸ್ಟೇಟಿನಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಫೋನ್ ಇರಲಿಲ್ಲ. ದೂರದ ನೆಂಟರಿಗೆ ಅವರು ನಮ್ಮ ನಂಬರನ್ನೇ ಕೊಟ್ಟಿರುತ್ತಿದ್ದರು. ಕರೆ ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ ಎಂದು ಹೇಳಿ, ಆ ಕಡೆ ಹೋಗುವ ಜೀಪಿನವರ ಹತ್ತಿರ ಸುದ್ದಿ ಕಳಿಸುತ್ತಿದ್ದೆ. ಹೆರಿಗೆಯಾದದ್ದು, ಹೆಣ್ಣು ನೋಡಲು ಬರುವುದು, ಯಾರೋ ತೀರಿಕೊಂಡದ್ದು ಎಲ್ಲವೂ ಮೊದಲು ನನ್ನ ಕಿವಿಗೆ ಬಿದ್ದು ಆಮೇಲೆ ಮನೆಯವರಿಗೆ ತಲುಪುತ್ತಿತ್ತು. ಒಮ್ಮೆ ಒಬ್ಬ ಮೇಸ್ತ್ರಿಗೆ ಅವರ ತಾಯಿಯ ಸಾವಿನ ಸುದ್ದಿಯನ್ನು ನಾನೇ ಹೇಳಬೇಕಾಯಿತು. ಬೆಂಚಿನ ಮೇಲೆ ಕೂತು ಅತ್ತು, ಮುಖ ಒರೆಸಿಕೊಂಡು, ನೀವು ಮೆತ್ತಗೆ ಹೇಳಿದ್ದಕ್ಕೆ ತಡೆದುಕೊಂಡೆ ಎಂದರು. ಅಪ್ಪ ಅದನ್ನು ಬಹಳ ಜನರಿಗೆ ಹೇಳಿಕೊಂಡರು. "ಇವಳ ದನಿ ಒಂದಿದ್ರೆ ಸಾಕು, ನನ್ನ ಕಂಪನಿ ನಡೀತದೆ" ಎನ್ನುತ್ತಿದ್ದರು. ಕಂಪನಿ ಎಂದರೆ ಒಂದು ಗಾಜಿನ ಗೂಡು ಮತ್ತು ಎರಡು ಫೋನು. ಅಪ್ಪ ಅದನ್ನು ಬೂತ್ ಎಂದು ಕರೆದದ್ದು ನಾನು ಕೇಳಿಲ್ಲ.

ಮದುವೆಯಾಗಿ ಮೂಡಿಗೆರೆಗೆ ಬಂದೆ. ಗಂಡನ ಮನೆಯವರದ್ದು ಬಟ್ಟೆ ಅಂಗಡಿ. ಮೊಬೈಲ್ ಬಂದು ಬೂತಿಗೆ ಜನ ಬರುವುದು ನಿಂತಿತು. ಅಪ್ಪ ಸುಮ್ಮನೆ ಕೂರಲಿಲ್ಲ. ತಮ್ಮನನ್ನು ಜೊತೆಗೆ ಹಾಕಿಕೊಂಡು, ಸಿಲ್ವರ್ ಓಕ್ ಮರದಿಂದ ಮರಕ್ಕೆ ತಂತಿ ಎಳೆದು ಮನೆಮನೆಗೆ ಟೀವಿ ಕೇಬಲ್ ಕೊಟ್ಟರು. ಆಗಲೂ ಬೋರ್ಡಿನಲ್ಲಿ ನನ್ನ ಹೆಸರೇ ಇತ್ತು.

ಆಮೇಲೆ ತಮ್ಮನಿಗೆ ಮದುವೆಯಾಯಿತು. ಹುಡುಗಿ ಜಾವಳಿಯವಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಬಂದ ಸ್ವಲ್ಪ ಕಾಲಕ್ಕೇ, ಕೇಬಲ್ ಇನ್ನು ಹೆಚ್ಚು ದಿನ ನಡೆಯುವುದಿಲ್ಲ, ಇಂಟರ್ನೆಟ್ ಕೊಡೋಣ ಎಂದಳು. ತಮ್ಮ ಹಿಂದೆಮುಂದೆ ನೋಡಿದ, ಅಪ್ಪ ನೋಡಲಿಲ್ಲ. ಮಾವ, ಸೊಸೆ ಇಬ್ಬರೂ ಸೇರಿ ಬಣಕಲ್ ಕಡೆಯ ಎಸ್ಟೇಟುಗಳಿಗೆಲ್ಲ ಲೈನ್ ಎಳೆಸಿದರು. ಆ ಲೈನಿನೊಳಗಿನ, ಕೂದಲಿನಷ್ಟೇ ತೆಳ್ಳಗಿನ ಗಾಜಿನ ಎಳೆಗಳನ್ನು ಅವಳು ಪುಟ್ಟ ಮೆಷಿನ್ನಿನಲ್ಲಿಟ್ಟು ಬೆಸೆಯುವುದನ್ನು ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ನಾನು ತವರಿಗೆ ಹೋದಾಗಲೂ ಅದೇ ಮಾತು. ಸೊಸೆ ಎಲ್ಲಿ ಕಂಬ ನಿಲ್ಲಿಸಿದಳು, ಯಾವ ಸಾಹುಕಾರರು ಅವಳನ್ನು ಹೊಗಳಿದರು. ನಾನು ತಂದ ಸೀರೆಯ ಪೊಟ್ಟಣ ಅವಳ ಕೈಗೆ ಕೊಡುವಾಗ ನನ್ನ ಮುಖ ಹೇಗಿರುತ್ತಿತ್ತೋ. ಅವಳು ಮಾತ್ರ ಪ್ರತಿ ಸಲವೂ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಬೋರ್ಡೂ ಬದಲಾಯಿತು. ಹೊಸ ಲೈಸೆನ್ಸಿಗೆ ಹೊಸ ಹೆಸರು ಬೇಕಿತ್ತಂತೆ. ಹೊಸ ಬೋರ್ಡಿನ ಫೋಟೊವನ್ನು ತಮ್ಮ ಕಳಿಸಿದ, ಅದರಲ್ಲಿ ನನ್ನ ಹೆಸರಿರಲಿಲ್ಲ. ಚೆನ್ನಾಗಿದೆ ಎಂದು ಬರೆದು, ಫೋನನ್ನು ಬಟ್ಟೆಯ ಥಾನುಗಳ ಮೇಲೆ ಎಸೆದೆ.

ಅದೇ ಹೊತ್ತಿಗೆ ಅಪ್ಪನ ಕಿವಿ ಮಂದವಾಗತೊಡಗಿತ್ತು. ನಾನು ದಿನಾ ಬೆಳಿಗ್ಗೆ ಫೋನ್ ಮಾಡುತ್ತಿದ್ದೆ. "ಏನಂದಿ?" ಎಂದು ಮತ್ತೆ ಮತ್ತೆ ಕೇಳಿ, ಕೊನೆಗೆ ಫೋನನ್ನು ಸೊಸೆಗೆ ಕೊಡುತ್ತಿದ್ದರು. ನಾನು ಹೇಳಿದ್ದನ್ನು ಅವಳು ಪಕ್ಕದಲ್ಲಿ ನಿಂತು ಅವರಿಗೆ ಹೇಳಬೇಕು. ಅವಳದ್ದು ಗಂಡಸರ ಹಾಗೆ ದಪ್ಪ ದನಿ. ಅದು ಅಪ್ಪನಿಗೆ ಒಂದೇ ಸಲಕ್ಕೆ ಕೇಳುತ್ತಿತ್ತು. ಚಿಕ್ಕಮಗಳೂರಿನ ಡಾಕ್ಟರು, ವಯಸ್ಸಾದವರಿಗೆ ತೆಳು ದನಿಯೇ ಮೊದಲು ಕೇಳದಂತಾಗುವುದು ಎಂದರಂತೆ. ಹಾಗೆಂದು ನನಗೆ ವಿವರಿಸಿದವಳೂ ಅವಳೇ.

ಹೋದ ವರ್ಷ ಕಾಫಿ ಹೂವಾಗುವ ಹೊತ್ತಿಗೆ ಎರಡು ದಿನ ತವರಿನಲ್ಲಿ ಯಾರೂ ಫೋನ್ ಎತ್ತಲಿಲ್ಲ. ಅಪ್ಪನಿಗೆ ಏನಾಯಿತೋ ಎಂದು ಹೆದರಿ ಬಸ್ಸು ಹತ್ತಿದೆ. ಅಪ್ಪ ಆಫೀಸಿನಲ್ಲಿ ಆರಾಮಾಗಿ ಕೂತಿದ್ದರು. ಆನೆಗಳು ಬಣಕಲ್ ಕಡೆಯ ತೋಟವೊಂದಕ್ಕೆ ನುಗ್ಗಿ ಕಂಬಗಳನ್ನು ಬೀಳಿಸಿ, ಕೇಬಲ್ಲನ್ನು ಎಳೆದುಕೊಂಡು ಹೋಗಿದ್ದವಂತೆ. ತಮ್ಮ, ಅವನ ಹೆಂಡತಿ ಇಬ್ಬರೂ ಆಳುಗಳ ಜೊತೆ ಸಿಗ್ನಲ್ ಸಿಗದ ಆ ತೋಟದಲ್ಲೇ ಇದ್ದರು. ಮೇಜಿನ ಮೇಲೆ ಆಫೀಸಿನ ಮೊಬೈಲ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅಪ್ಪನಿಗೆ ಅದು ಕೇಳುತ್ತಿರಲಿಲ್ಲ.

ನಾನು ಅವರ ಪಕ್ಕ ಕೂತು ಆರೋಗ್ಯ ವಿಚಾರಿಸಿದೆ. ತಿಳಿಯಲಿಲ್ಲ. ಕಿವಿಯ ಹತ್ತಿರ ಬಾಯಿ ಇಟ್ಟು ಇನ್ನೂ ಜೋರಾಗಿ ಕೇಳಿದೆ. ಅಪ್ಪ ನನ್ನ ಕೈ ತಟ್ಟಿ, ಸಮಾಧಾನದಿಂದಲೇ ಹೇಳಿದರು.

"ಅವಳು ಬರ್ಲಿ. ಅವಳ ಹತ್ರ ಹೇಳು. ಅವಳು ಹೇಳಿದ್ರೆ ನಂಗೆ ಕೇಳ್ತದೆ."

ನಾನು ಎದ್ದು ಹೋಗಿ ಆ ಮೊಬೈಲ್ ಎತ್ತಿದೆ. ಸುಮ್ಮನೆ ಕೂರಲು ಆಗಲಿಲ್ಲ, ಅಷ್ಟೇ. ಒಬ್ಬರಿಗೆ ಮಗನ ಪರೀಕ್ಷೆ, ಇನ್ನೊಬ್ಬರ ಹೋಂಸ್ಟೇಯಲ್ಲಿ ಪ್ರವಾಸಿಗರ ಜಗಳ. ಎಲ್ಲರಿಗೂ ಆನೆಯ ವಿಷಯ ಹೇಳಿದೆ, ಅವರ ಕಷ್ಟ ಪೂರ್ತಿ ಕೇಳಿದೆ. ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಬೈಯುತ್ತಲೇ ಮಾತು ಶುರುಮಾಡಿ, ನಡುವೆ ನಿಲ್ಲಿಸಿದರು.

"ನೀವು ಮುಂಚೆ ಬೂತಲ್ಲಿ ಇದ್ದೋರಲ್ವಾ?"

ಹೌದು ಎಂದೆ. ದನಿ ಹಾಗೇ ಇದೆ ಎಂದರು. ಇನ್ನೇನು ಹೇಳುತ್ತಾರೋ ಎಂದು ಕಾಯುತ್ತಿದ್ದೆ.

"ಸರಿ, ಸೊಸೆಯವ್ರು ಬಂದ್ಮೇಲೆ ಮಾತಾಡ್ಸಿ. ಅವ್ರಿಗಾದ್ರೆ ಗೊತ್ತಾಗ್ತದೆ."

ಸಂಜೆ ಅವಳು ಬಂದಳು. ಮೊಣಕೈವರೆಗೂ ಮುಳ್ಳಿನ ಗೀರು. ಕೈ ತೊಳೆಯುವ ಮೊದಲೇ ನಾನು ಬಂದದ್ದೇಕೆಂದು ಕೇಳಿ ತಿಳಿದು, ಅಪ್ಪನ ಕಿವಿಯಲ್ಲಿ, ಮಗಳು ಹೆದರಿಕೊಂಡು ಓಡಿ ಬಂದಿದ್ದಾಳೆ ಎಂದಳು. ಅಪ್ಪನ ಕಣ್ಣಲ್ಲಿ ನೀರು ಬಂತು. ಅವರು ನನ್ನ ಕಡೆ ನೋಡಿದರು. ಆ ನೋಟವೂ ಅವಳ ಮಾತಿನಿಂದಲೇ ಬಂದದ್ದಲ್ಲವೇ ಎಂದು ನನಗೆ ಅನ್ನಿಸಿತು.

ಕಾಫಿ ಕುಡಿಯುವಾಗ ಅವಳು ತಲೆ ತಗ್ಗಿಸಿಕೊಂಡೇ ಮಾತು ತೆಗೆದಳು. "ಅಕ್ಕ, ವಾರಕ್ಕೆರಡು ದಿನ ಬಂದು ಫೋನ್ ನೋಡ್ಕೊಳ್ತೀರಾ? ನಂಗೆ ಲೈನ್ ಜೋಡ್ಸಕ್ಕೆ ಬರ್ತದೆ, ಜನರ ಹತ್ರ ಮಾತಾಡಕ್ಕೆ ಬರಲ್ಲ. ಅವ್ರು ಬೈದ್ರೆ ನಾನೂ ಬೈದ್ಬಿಡ್ತೀನಿ."

ನನ್ನ ತವರಿಗೆ ನನ್ನನ್ನು ಕರೆಯಲು ಇವಳು ಯಾರು ಎಂದೇ ಮೊದಲು ಅನ್ನಿಸಿದ್ದು. ಕನಿಕರವೂ ಇರಬಹುದು ಎಂದು ಅವಳ ಮುಖ ನೋಡಿದೆ. ಸುಸ್ತು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಬಂದುಬಿಟ್ಟೆ. ಗಂಡ ಎಲ್ಲ ಕೇಳಿಸಿಕೊಂಡು, "ಹೋಗು ಮಾರಾಯ್ತಿ. ಇಲ್ಲಿ ಕೂತು ಉರ್ಕೊಳ್ಳೋದನ್ನ ಅಲ್ಲೇ ಹೋಗಿ ಉರ್ಕೊ" ಎಂದರು.

ಈಗ ಮಂಗಳವಾರ, ಶುಕ್ರವಾರ ಹೋಗುತ್ತೇನೆ. ಅಪ್ಪನಿಗೆ ಕಿವಿಗೆ ಮೆಷಿನ್ ಹಾಕಿಸಿದ್ದಾರೆ. ಅದು ಕಿರಿಕಿರಿ ಎಂದು ಅವರು ತೆಗೆದಿಡುತ್ತಾರೆ, ಸೊಸೆ ಹೇಳಿದರೆ ಹಾಕಿಕೊಳ್ಳುತ್ತಾರೆ. ಇಂಥದ್ದು ಕಂಡಾಗ ಈಗಲೂ ನಾನು ಫೋನಿನ ಕಡೆ ತಿರುಗಿ ಕೂರುತ್ತೇನೆ. ಅವಳು ಒಳ್ಳೆಯವಳು ಎಂದು ಗೊತ್ತಾದರೆ ಅಸೂಯೆ ಹೋಗುತ್ತದೆ ಎಂದುಕೊಂಡಿದ್ದೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ.

ಕಳೆದ ಶುಕ್ರವಾರ ಒಬ್ಬ ಹೆಂಗಸು ಫೋನ್ ಮಾಡಿ, ತಮ್ಮನ ಹೆಂಡತಿಯ ದನಿ ಕೇಳಿದ ಕೂಡಲೇ ನನ್ನನ್ನು ಕೇಳಿದರು. ಲೈನಿನ ತೊಂದರೆ ಏನೂ ಇರಲಿಲ್ಲ. ಮಗಳಿಗೆ ಗಂಡು ಗೊತ್ತಾಗಿತ್ತು, ಅದನ್ನು ಹೇಳಬೇಕಿತ್ತಂತೆ. ಬಹಳ ಹೊತ್ತು ಮಾತಾಡಿದೆವು. ತಮ್ಮನ ಹೆಂಡತಿ ಎದುರಿನ ಮೇಜಿನಲ್ಲಿ ತಲೆ ಎತ್ತದೆ ಎಳೆ ಬೆಸೆಯುತ್ತಿದ್ದಳು. ನಾನು ಬೇಕೆಂದೇ ಸ್ವಲ್ಪ ಜೋರಾಗಿ ನಕ್ಕೆ.