ಎರಡು ದಿನದಲ್ಲಿ ಬಂದ ವಿಮರ್ಶೆ

ಮಸಿ ಅಣ್ಣ ಒಮ್ಮೆ ಒಬ್ಬ ಪ್ರೊಫೆಸರರ ಪ್ರಬಂಧವನ್ನು ವಿಮರ್ಶೆಗೆಂದು ಅದೇ ಪ್ರೊಫೆಸರರಿಗೆ ಕಳಿಸಿಬಿಟ್ಟರು. ತಪ್ಪು ಪೂರ್ತಿ ಅವರದೆನ್ನುವಂತಿಲ್ಲ. ಬರೆದವರು ಯಾರೆಂದು ಓದುವವರಿಗೆ ತಿಳಿಯಬಾರದು ಎಂಬುದು ನಮ್ಮ ತ್ರೈಮಾಸಿಕದ ಕಟ್ಟಳೆ. ಬಂದ ಪ್ರತಿಯ ಮೇಲಿನ ಹೆಸರು, ಹುದ್ದೆ, ಸಂಸ್ಥೆ ಎಲ್ಲದಕ್ಕೂ ಅಣ್ಣ ದಪ್ಪ ಕಪ್ಪು ಪೆನ್ನಿನಿಂದ ಎಷ್ಟು ಶ್ರದ್ಧೆಯಿಂದ ಮಸಿ ಬಳಿಯುತ್ತಿದ್ದರೆಂದರೆ, ಅರ್ಧ ಗಂಟೆ ಕಳೆದ ಮೇಲೆ ಅದು ಯಾರದೆಂದು ಅವರಿಗೂ ನೆನಪಿರುತ್ತಿರಲಿಲ್ಲ. ಅವತ್ತೂ ಹಾಗೇ ಆಯಿತು. ವಿಷಯ ನೋಡಿದರು, ಆ ವಿಷಯ ಬಲ್ಲವರ ಪಟ್ಟಿಯಲ್ಲಿ ಮೊದಲ ಹೆಸರು ನೋಡಿದರು, ಲಕೋಟೆಗೆ ಅಂಟು ಹಚ್ಚಿದರು. ಮೂರು ವಾರಕ್ಕೆ ವಿಮರ್ಶೆ ಬಂತು. 'ಅತ್ಯುತ್ತಮ ಕೆಲಸ. ಕೂಡಲೇ ಪ್ರಕಟಿಸಬಹುದು. ಒಂದೇ ಕೊರತೆ: ಈ ಲೇಖಕರ ಹಿಂದಿನ ಪ್ರಬಂಧಗಳನ್ನು ಸಾಕಷ್ಟು ಉಲ್ಲೇಖಿಸಿಲ್ಲ.'

ಸಂಪಾದಕ ಮಂಡಲಿ ಒಂದು ವರ್ಷ ನಕ್ಕಿತು. ಅಣ್ಣನಿಗೆ ಮಸಿ ಅಣ್ಣ ಎಂಬ ಹೆಸರು ಅಂಟಿದ್ದು ಆಗಲೇ. ಅವರು ಮಾತ್ರ ನಗಲಿಲ್ಲ. ತಪ್ಪೊಪ್ಪಿಗೆಯ ಪತ್ರ ಬರೆದು, ಅದರ ಒಂದು ಪ್ರತಿಯನ್ನು ತಮ್ಮದೇ ಫೈಲಿಗೆ ಸೇರಿಸಿಕೊಂಡರು.

ಕುಡಿಯುವ ನೀರನ್ನು ಸೋಸುವ ವಿದ್ಯೆಗೆ ಮೀಸಲಾದ ಪತ್ರಿಕೆ ನಮ್ಮದು. ನೀರು ಸೋಸುವವರು ಬರೆಯುತ್ತಾರೆ, ಬರೆದದ್ದನ್ನು ನಾವು ಸೋಸುತ್ತೇವೆ. ಗ್ರಂಥಾಲಯದ ಮೇಲಿನ ಎರಡು ಕೋಣೆ. ಒಂದರಲ್ಲಿ ಸಂಪಾದಕರು, ಇನ್ನೊಂದರಲ್ಲಿ ಕಾರ್ಯದರ್ಶಿ ಮಸಿ ಅಣ್ಣ ಮತ್ತು ಪ್ರೂಫ್ ತಿದ್ದುವ ನಾನು. ಕಿಟಕಿಯ ಬಾಗಿಲು ಬಡಿದುಕೊಳ್ಳದಿರಲೆಂದು ಅಣ್ಣ ಅದರ ಸಂದಿಗೆ ತಿರಸ್ಕೃತ ಪ್ರಬಂಧವೊಂದನ್ನು ಮಡಚಿ ಸಿಕ್ಕಿಸಿದ್ದರು. ಯಾವುದೂ ವ್ಯರ್ಥವಾಗಬಾರದು ಎನ್ನುವ ಮನುಷ್ಯ.

ಅವರ ನಿಜವಾದ ಉದ್ಯೋಗ ನೆನಪೋಲೆ ಬರೆಯುವುದು. ಪ್ರಬಂಧ ಬಂದರೆ ಅದೇ ವಿಷಯ ಬಲ್ಲ ಇಬ್ಬರಿಗೆ ಕಳಿಸಬೇಕು. ಅವರು ಓದಿ, ಸರಿ ತಪ್ಪು ಹೇಳಬೇಕು. ಸಂಬಳವಿಲ್ಲದ ಕೆಲಸವಾದ್ದರಿಂದ ದೊಡ್ಡವರು ಅದನ್ನು ದೊಡ್ಡ ಮನಸ್ಸಿನಿಂದ ಮರೆಯುತ್ತಿದ್ದರು. ಅಣ್ಣನ ಮೊದಲ ಪತ್ರದಲ್ಲಿ ವಿನಂತಿ, ಎರಡನೆಯದರಲ್ಲಿ ನೆನಪು, ಮೂರನೆಯದರಲ್ಲಿ ಸಂಕೋಚ. ನಾಲ್ಕನೆಯದರಲ್ಲಿ ಆರೋಗ್ಯ ವಿಚಾರಿಸುತ್ತಿದ್ದರು. ಅಂಚೆ ಹೋಗಿ ಇಮೇಲ್ ಬಂದಮೇಲೂ ಈ ಕ್ರಮ ತಪ್ಪಲಿಲ್ಲ.

ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇದ್ದವಳು ಒಬ್ಬ ತಂಗಿ. ಪ್ರತಿ ಭಾನುವಾರ ಮಧ್ಯಾಹ್ನದ ಊಟ ತಂಗಿಯ ಮನೆಯಲ್ಲಿ. ಸೋಮವಾರ ಅವರ ಮುಖ ನೋಡಿಯೇ ನಾನು ಊಟ ಹೇಗಿತ್ತೆಂದು ಹೇಳಬಲ್ಲವನಾಗಿದ್ದೆ. ತಂಗಿಯ ಗಂಡ ಕಾಲೇಜೊಂದರಲ್ಲಿ ಒಂಬತ್ತು ವರ್ಷಗಳಿಂದ ತಾತ್ಕಾಲಿಕ ಉಪನ್ಯಾಸಕ. ತಾತ್ಕಾಲಿಕವೆಂಬುದು ಆತನಿಗೆ ಶಾಶ್ವತವಾಗಿತ್ತು. ಒಂದು ಒಳ್ಳೆಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂದರೆ ಕಾಯಂ ಮಾಡುತ್ತೇವೆ ಎಂದು ಕಾಲೇಜು ಹೇಳಿತು. ಸಂದರ್ಶನಕ್ಕೆ ಎರಡು ತಿಂಗಳಿತ್ತು. ಆತ ಪ್ರಬಂಧ ಕಳಿಸಿದ್ದು ನಮಗೇ.

ಅಣ್ಣ ಅದೇ ದಿನ ಸಂಪಾದಕರ ಮೇಜಿನ ಮುಂದೆ ನಿಂತರು.

"ಸಾರ್, ಇದು ನನ್ನ ತಂಗಿ ಗಂಡಂದು. ಈ ಫೈಲು ನಾನು ಮುಟ್ಟಲ್ಲ."

"ಮುಟ್ಟಿದ್ರೆ ಮೈಲಿಗೆ ಏನಾಗಲ್ಲ ಬಿಡಿ," ಎಂದರು ಸಂಪಾದಕರು. ಆದರೂ ಫೈಲನ್ನು ತಾವೇ ಇಟ್ಟುಕೊಂಡರು.

ನಮ್ಮ ಅರ್ಜಿಯಲ್ಲಿ ಒಂದು ಖಾನೆಯಿತ್ತು: ನಿಮ್ಮ ಪ್ರಬಂಧವನ್ನು ಯಾರು ಓದಬಲ್ಲರು, ಮೂವರನ್ನು ಸೂಚಿಸಿ, ಇಮೇಲ್ ವಿಳಾಸ ಕೊಡಿ. ವಿಮರ್ಶಕರು ಸಿಗದೆ ಸೋತ ಯಾವುದೋ ಮಂಡಲಿ ಮಾಡಿದ ಅನುಕೂಲ ಅದು. ಸಂಪಾದಕರು ಆ ಮೂವರಲ್ಲಿ ಇಬ್ಬರನ್ನು ಆರಿಸಿ ಕಳಿಸಿದರು. ಎರಡೇ ದಿನಕ್ಕೆ ಎರಡೂ ವಿಮರ್ಶೆ ಕಚೇರಿಯ ಇಮೇಲಿಗೆ ಬಂದವು. ಒಬ್ಬರು 'ಮೂರನೆಯ ಚಿತ್ರದ ಅಕ್ಷರ ಸ್ವಲ್ಪ ದೊಡ್ಡದಾಗಲಿ' ಎಂದಿದ್ದರು. ಇನ್ನೊಬ್ಬರು 'ತೀರ್ಮಾನದ ಭಾಗ ಇನ್ನಷ್ಟು ಧೈರ್ಯವಾಗಿ ಬರೆಯಬಹುದಿತ್ತು' ಎಂದಿದ್ದರು. ಸಂಪಾದಕರು ಒಪ್ಪಿಗೆಯ ಸಹಿ ಹಾಕಿದರು. ಶುಕ್ರವಾರ ಸಂಚಿಕೆ ಮುದ್ರಣಕ್ಕೆ.

ಮಂಗಳವಾರ ನಾನು ಪ್ರೂಫ್ ಹಿಡಿದು ಕೋಣೆಗೆ ಬಂದಾಗ ಅಣ್ಣ ಫೋನಿನಲ್ಲಿದ್ದರು. ಮಾತು ಅರ್ಧ ಮುಗಿದಿತ್ತು.

"ಅಲ್ಲ ಮೇಡಂ, ನಿಮ್ಮ ಹೆಸರೇ ಇದೆ... ಇಮೇಲು ನಿಮ್ಮದಲ್ವಾ?... ಹೌದಾ... ಹೆಣ್ಣುಮಗುನಾ? ತುಂಬಾ ಸಂತೋಷ." ಅವರು ಫೋನಿಟ್ಟರು.

ಏನೆಂದು ಕೇಳಿದೆ. ಆ ಇಬ್ಬರು ವಿಮರ್ಶಕರಲ್ಲಿ ಒಬ್ಬರಾದ ಆ ವಿಜ್ಞಾನಿಗೆ ಹೆರಿಗೆಯಾಗಿ ಆರು ವಾರವಾಗಿತ್ತಂತೆ. ಪ್ರಬಂಧವಿರಲಿ, ದಿನಪತ್ರಿಕೆಯನ್ನೂ ಓದಿಲ್ಲವಂತೆ. ಆ ವಿಳಾಸ ಅವರದಲ್ಲವಂತೆ. ನಿಮ್ಮ ಕಚೇರಿ ವಿಷಯ, ನೀವೇ ನೋಡಿಕೊಳ್ಳಿ ಎಂದರಂತೆ. ಅಣ್ಣ ಎರಡನೆಯವರ ಸಂಸ್ಥೆಗೂ ಫೋನ್ ಹಚ್ಚಿದರು. ಆ ವಿಮರ್ಶಕರು ನಿವೃತ್ತರಾಗಿ, ಇಂಟರ್‌ನೆಟ್ಟಿನ ಕಾಟವಿಲ್ಲದ ಕಡೆ ಜೇನು ಸಾಕುತ್ತಿದ್ದರು.

ಹೆಸರುಗಳು ಬೇರೆಯವರವು, ವಿಳಾಸಗಳು ತಂಗಿಯ ಗಂಡನವು, ಓದಿದ್ದು ಬರೆದವನೇ. ಹಿಂದೆ ಅಣ್ಣನ ಕೈತಪ್ಪಿನಿಂದ ಆದದ್ದನ್ನು ಈತ ಕೈಯಾರೆ ಮಾಡಿದ್ದ.

"ಯಾರಿಗೂ ಗೊತ್ತಿಲ್ಲ ಅಣ್ಣ," ಎಂದೆ ನಾನು. ಹೇಳಿದ್ದಕ್ಕೆ ಈಗಲೂ ನಾಚಿಕೆಯಿದೆ. "ಫೈಲು ನಿಮ್ಮದೂ ಅಲ್ಲ."

"ನನಗೆ ಗೊತ್ತಾಯ್ತಲ್ಲಪ್ಪ," ಎಂದರು. ಭಾನುವಾರಕ್ಕೆ ಕಾಯದೆ ಅವತ್ತೇ ಸಂಜೆ ತಂಗಿಯ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ಬಹಳ ದಿನಗಳ ಮೇಲೆ ನನಗೆ ಹೇಳಿದರು.

ತಂಗಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಗಂಡ ಉತ್ತರಪತ್ರಿಕೆ ತಿದ್ದುತ್ತಿದ್ದ. ಅಣ್ಣ ಕೂರಲಿಲ್ಲ.

"ಆ ಎರಡು ವಿಮರ್ಶೆ ನೀವೇ ಬರೆದಿರಾ?"

ಆತ ಸುಳ್ಳು ಹೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, "ಭಾವ, ನಿಮ್ಮೋರು ಓದೋಕೆ ಎಂಟು ತಿಂಗಳು ತಗೋತಾರೆ. ನನ್ನ ಸಂದರ್ಶನ ಮುಂದಿನ ತಿಂಗಳು," ಎಂದ. "ನಾನು ಸುಮ್ಮನೆ ಹೊಗಳಿಕೊಂಡಿಲ್ಲ. ತಪ್ಪೂ ತೋರಿಸಿದ್ದೀನಿ."

"ತೋರಿಸಿದ ತಪ್ಪನ್ನೂ ತಿದ್ದಿಲ್ಲವಲ್ಲ ನೀವು. ಮೂರನೇ ಚಿತ್ರದ ಅಕ್ಷರ ಹಾಗೇ ಇದೆ."

"ಅದು ಸಣ್ಣ ತಿದ್ದುಪಡಿ, ಭಾವ."

ತಂಗಿ ಬಟ್ಟೆ ಕೆಳಗಿಟ್ಟಳು. "ಅಣ್ಣ, ಒಂದು ಕೇಳ್ತೀನಿ. ಇವರ ಪ್ರಬಂಧದಲ್ಲಿರೋದು ಸುಳ್ಳಾ?"

"ಗೊತ್ತಿಲ್ಲಮ್ಮ. ಬೇರೆ ಯಾರೂ ಓದಿಲ್ಲವಲ್ಲ, ಹೇಗೆ ಗೊತ್ತಾಗುತ್ತೆ?"

"ನಾಲ್ಕು ವರ್ಷ ಆ ನೀರಿನ ಬಾಟಲಿಗಳ ಜೊತೆ ಸಂಸಾರ ಮಾಡಿದಾರೆ ಇವರು. ನಾನು ನೋಡಿದೀನಿ. ನನ್ನ ಮಾತು ಸಾಲದಾ?"

"ನೀನು ಹೆಂಡತಿ ಕಣಮ್ಮ. ನೀನು ಹೇಳೋದು ವಿಮರ್ಶೆ ಆಗಲ್ಲ."

"ನೀನು ಅಣ್ಣ ತಾನೇ? ನೀನು ಮಾಡೋಕೆ ಹೊರಟಿರೋದು ಏನು?"

ಅಣ್ಣ ಚಪ್ಪಲಿ ಮೆಟ್ಟಿದರು. ಬಾಗಿಲವರೆಗೆ ಬಂದ ತಂಗಿ ಮೆಲ್ಲಗೆ ಹೇಳಿದಳಂತೆ, "ಶುಕ್ರವಾರದವರೆಗೆ ಬಾಯಿ ಮುಚ್ಚಿಕೊಂಡಿರೋಕೆ ಆಗಲ್ವಾ ನಿನಗೆ? ಮೂರೇ ದಿನ. ಹುಟ್ಟಿದಾಗಿನಿಂದ ಇನ್ನೇನು ಕೇಳಿದೀನಿ ನಿನ್ನ?"

ಬುಧವಾರ ಅವರು ಕಚೇರಿಗೆ ಬಂದು ಕಿಟಕಿಯ ಕಡೆ ನೋಡುತ್ತ ಕೂತರು. ನೆನಪೋಲೆ ಬರೆಯಲಿಲ್ಲ, ಊಟದ ಡಬ್ಬಿ ಬಿಚ್ಚಲಿಲ್ಲ. ಅವರ ಮುಂದೆ ಒಂದು ಕಡೆ ಪ್ರಬಂಧ, ಇನ್ನೊಂದು ಕಡೆ ಸಂಬಂಧ. ಬೇರೆ ದಿನವಾಗಿದ್ದರೆ ಈ ಮಾತನ್ನು ನಾನು ಜೋರಾಗಿ ಆಡಿ ಅವರಿಂದ ಬೈಸಿಕೊಳ್ಳುತ್ತಿದ್ದೆ. ಅವತ್ತು ನುಂಗಿಕೊಂಡೆ.

ಗುರುವಾರ ಹನ್ನೊಂದು ಗಂಟೆಗೆ ಎದ್ದು ಒಳಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು.

ಸಂಪಾದಕರು ಎಲ್ಲ ಕೇಳಿ ಕನ್ನಡಕ ತೆಗೆದರು. ವಿಳಾಸ ನಿಜವೋ ಸುಳ್ಳೋ ಎಂದು ನೋಡದೆ ಸಹಿ ಹಾಕಿದವರು ಅವರೇ ತಾನೇ.

"ಇದನ್ನ ಈಗ್ಲೇ ಹೇಳ್ಬೇಕಾಗಿತ್ತೇನ್ರೀ?"

"ನಾಳೆ ಮುದ್ರಣ, ಸಾರ್."

"ನಿಮ್ಮ ಮನೆಯೋರೇ ಅಲ್ವಾ? ಅವರು ನನಗೆ ಬೇಡ ಅಂದ್ಕೊಳ್ಳಿ, ನಿಮಗೂ ಬೇಡ್ವಾ?"

"ಬೇಕು ಸಾರ್. ಅದಕ್ಕೇ ನಿನ್ನೆ ಹೇಳಲಿಲ್ಲ."

ಪ್ರಬಂಧ ಸಂಚಿಕೆಯಿಂದ ಹೊರಬಂತು. ಹನ್ನೆರಡು ಪುಟ ಖಾಲಿಯಾದ್ದಕ್ಕೆ ಹಿಂದಿನ ಸಮ್ಮೇಳನದ ಫೋಟೋಗಳನ್ನು ಹಾಕಿದೆವು. ನಿಯಮದಂತೆ ಕಾಲೇಜಿಗೆ ಪತ್ರ ಹೋಯಿತು. ಕಾಲೇಜು ಸಂದರ್ಶನದ ಪಟ್ಟಿಯಿಂದ ಆತನ ಹೆಸರು ತೆಗೆಯಿತು, ಆ ವರ್ಷದ ಕೊನೆಗೆ ಕೆಲಸದಿಂದಲೂ ತೆಗೆಯಿತು. ಅರ್ಜಿಯಲ್ಲಿದ್ದ ಆ ಖಾನೆಯನ್ನು ಮಂಡಲಿ ಕಿತ್ತುಹಾಕಿತು. ಸಂಪಾದಕರು ಒಂದು ಭಾಷಣದಲ್ಲಿ ನಮ್ಮ ಪತ್ರಿಕೆಯ ಎಚ್ಚರದ ಬಗ್ಗೆ ಹೆಮ್ಮೆಪಟ್ಟುಕೊಂಡರು.

ತಂಗಿ ಜಗಳವಾಡಲಿಲ್ಲ. ಭಾನುವಾರ ಅಣ್ಣ ಹೋದಾಗ ಬಾಗಿಲು ತೆರೆದು, "ಊಟ ಆಯ್ತು ನಮ್ಮದು," ಎಂದಳಂತೆ. ಗಂಟೆ ಇನ್ನೂ ಹನ್ನೆರಡು. ಮುಂದಿನ ವಾರ ಅವರು ಹೋಗಲಿಲ್ಲ. ಆಮೇಲೆ ಭಾನುವಾರವೂ ಕಚೇರಿಗೆ ಬಂದು ಬೀಗ ತೆಗೆಯತೊಡಗಿದರು. ಬಾಕಿ ಕೆಲಸ ಬಹಳ ಇದೆ ಎನ್ನುತ್ತಿದ್ದರು. ಇರಲಿಲ್ಲ. ಸೋಮವಾರ ಅವರ ಮುಖದಲ್ಲಿ ಓದಲು ನನಗೆ ಏನೂ ಸಿಗುತ್ತಿರಲಿಲ್ಲ.

ಮರುವರ್ಷ ಹೊಸ ಉಪಸಂಪಾದಕಿ ಬಂದಳು. ಕಣ್ಣಲ್ಲಿ ಆದರ್ಶ, ಕೈಯಲ್ಲಿ ನೋಟ್‌ಬುಕ್. ಪತ್ರಿಕಾ ನೀತಿಯ ಬಗ್ಗೆ ತರಬೇತಿಯಲ್ಲಿ ಅಣ್ಣನ ಕಥೆ ಕೇಳಿದ್ದಳಂತೆ. ಚಹದ ಹೊತ್ತಿಗೆ ಅವರ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಅಣ್ಣ, ಒಂದೇ ಒಂದು ಪ್ರಶ್ನೆ. ಸ್ವಂತ ತಂಗಿ ಗಂಡ, ಒಪ್ಪಿಗೆ ಆಗಿಹೋಗಿದೆ, ಫೈಲೂ ನಿಮ್ಮ ಹತ್ತಿರ ಇಲ್ಲ. ಆದ್ರೂ ನಿಮಗೆ ಅನುಮಾನ ಬಂದು ಆ ಮೇಡಂಗೆ ಫೋನ್ ಮಾಡಿದ್ರಲ್ಲ. ಏನು ನೋಡಿ ಅನುಮಾನ ಬಂತು?"

ಅಣ್ಣ ಲೋಟ ಕೆಳಗಿಟ್ಟರು.

"ಅನುಮಾನ ಎಲ್ಲಿ ಬಂತಮ್ಮ. ಇಪ್ಪತ್ತೆಂಟು ವರ್ಷದಲ್ಲಿ ಎರಡು ದಿನಕ್ಕೆ ಓದಿ ಕಳಿಸಿದವರು ಅವರಿಬ್ಬರೇ. ಥ್ಯಾಂಕ್ಸ್ ಹೇಳಿ, ಇನ್ನೆರಡು ಪ್ರಬಂಧ ತಳ್ಳೋಣ ಅಂತ ಫೋನ್ ಮಾಡಿದೆ."