ಎರಡು ಸೀಟಿನ ಕಾರಿನ ಖರ್ಚು

ಕಾರ್ಖಾನೆಗೆಂದು ಸಿಎನ್‌ಸಿ ಯಂತ್ರ ಕೊಳ್ಳಲು ಮುಂಬೈಗೆ ಹೋದವನು ಎರಡು ಸೀಟಿನ ಕಾರು ಕೊಂಡು ಬಂದೆ. ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು. ಹೆಂಡತಿ ತೀರಿಕೊಂಡು ಕೆಲವು ತಿಂಗಳಾಗಿದ್ದವು. ಜ್ವರವೆಂದು ಸತ್ತೂರಿನ ಆಸ್ಪತ್ರೆಗೆ ಸೇರಿಸಿದ್ದೆವು, ಮರಳಿ ಬರಲಿಲ್ಲ. ಹುಬ್ಬಳ್ಳಿ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಕಾರ್ಖಾನೆ. ಲೇತಿನ ಮೇಲೆ ಬುಶ್ಶು, ಪಿನ್ನು, ಶಾಫ್ಟಿನಂಥ ಬಿಡಿಭಾಗ ತಯಾರಿಸಿ ದೊಡ್ಡ ಕಂಪನಿಗಳಿಗೆ ಕೊಡುವ ಕೆಲಸ. ಯಂತ್ರ ಮಾರುವವನ ಗೋದಾಮಿನ ಪಕ್ಕದಲ್ಲಿ ಹಳೆಯ ವಿದೇಶಿ ಕಾರುಗಳ ಅಂಗಡಿಯಿತ್ತು. ಬೆಳ್ಳಿ ಬಣ್ಣದ ಒಂದು ಕಾರಿನ ಬಾಗಿಲು ತೆರೆದು ಸುಮ್ಮನೆ ಕೂತೆ. ಏನೂ ಅನಿಸಲಿಲ್ಲ. ಜೋರಾಗಿ ಓಡಿಸಿದರೆ ಏನಾದರೂ ಅನಿಸೀತು ಎಂದುಕೊಂಡೆ. ಕೊಂಡದ್ದಕ್ಕೆ ಇಷ್ಟೇ ಕಾರಣ. ಜನ ನೂರೆಂಟು ಕಾರಣ ಹುಡುಕಿದರು, ತಲೆ ಕೆಟ್ಟಿದೆ ಎಂದರು.

ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಕಾರು ಬಂದು ನಿಂತಾಗ ಅತ್ತೆ ಹೊರಗೆ ಬಂದರು. ಅತ್ತೆ ಎಂದರೆ ಹೆಂಡತಿಯ ತಾಯಿ. ಮಗಳು ಹೋದ ಮೇಲೆ ಮೊಮ್ಮಗಳನ್ನು ನೋಡಿಕೊಳ್ಳಲು ನಮ್ಮಲ್ಲೇ ಉಳಿದಿದ್ದರು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ.

“ಇದೇನ್ರಿ, ಗಾಡಿ ನೆಲಕ್ಕ ಕುಂತೈತಲ್ರಿ! ಇದರಾಗ ಹತ್ತೂದೋ ಇಳಿಯೂದೋ?” ಎಂದರು ಅತ್ತೆ.

“ಇಳದ ಕೂಡಬೇಕ್ರಿ,” ಎಂದೆ.

“ಮನ್ಯಾಗ ಮೂರ ಮಂದಿ ಅದೀವಿ. ಇದರಾಗ ಎರಡ ಕುರ್ಚಿ ಅದಾವು.”

ನಾನು ಕಾರಿಗೆ ಕೀಲಿ ಹಾಕಿ ಒಳಗೆ ಹೋದೆ. ಅಳಿಯನನ್ನು ಬೈಯುವುದು ಅವರ ಮನೆತನದ ಪದ್ಧತಿಯಲ್ಲ. ರಾತ್ರಿ ಅನ್ನ ಬಡಿಸುವಾಗ ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಜೋರಾಗಿ ಕುಟ್ಟಿದರು, ಅಷ್ಟೇ.

ಹಳೆಯ ಕಾರು ಎಂಬುದು ಕೊಳ್ಳುವ ದಿನ ಮಾತ್ರ ಹಳೆಯದು. ಅದರ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು, ಆದರೆ ಬಿಡಿಭಾಗಗಳ ಬೆಲೆ ಒಂದು ಪೈಸೆಯೂ ಇಳಿದಿರಲಿಲ್ಲ. ಕಂಪನಿಯ ಡೀಲರ್ ಇದ್ದದ್ದು ಮುಂಬೈಯಲ್ಲಿ. ಬೇರೆ ಯಾರಾದರೂ ಎಂಜಿನ್ನಿಗೆ ಕೈ ಹಚ್ಚಿದರೆ ಆಮೇಲೆ ಅವರು ಮುಟ್ಟುತ್ತಿರಲಿಲ್ಲ. ಹೀಗಾಗಿ ಎಣ್ಣೆ ಬದಲಿಸುವುದಕ್ಕೂ ಮುಂಬೈಗೇ ಹೋಗಬೇಕು. ಮೊದಲ ಸರ್ವಿಸಿಗೆ ಎಣ್ಣೆ, ಫಿಲ್ಟರು, ಬ್ರೇಕ್ ಪ್ಯಾಡು ಎಂದು ಅವರು ಹೇಳಿದ ಮೊತ್ತದಲ್ಲಿ ನನ್ನ ಕಾರ್ಖಾನೆಯ ಎಲ್ಲರ ತಿಂಗಳ ಪಗಾರ ಆಗುತ್ತಿತ್ತು. ಎರಡನೆಯ ಸಲ ಮುಂದಿನ ಚಕ್ರದ ಒಂದು ಬುಶ್ಶು ಸವೆದಿದೆ ಎಂದರು. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ನಾನು ಅಂಥದ್ದನ್ನು ಲೇತಿನ ಮೇಲೆ ಮಾಡಿಕೊಡಬಲ್ಲೆ. ಅವರು ಹಚ್ಚಿದ ರೇಟಿಗೆ ಬೇರೆ ಕಾಲದಲ್ಲಾಗಿದ್ದರೆ ಕೌಂಟರಿನ ಮುಂದೆ ಜಗಳಕ್ಕೇ ನಿಲ್ಲುತ್ತಿದ್ದೆ. ಒಂದು ಪಿನ್ನಿಗೆ ಮೂವತ್ತು ಪೈಸೆ ಹೆಚ್ಚು ಕೊಡಿ ಎಂದು ಕಂಪನಿಯ ಖರೀದಿ ಅಧಿಕಾರಿಯ ಎದುರು ಅರ್ಧ ದಿನ ಕೂತು ವಾದ ಮಾಡಿದವನು ನಾನು. ಈಗ “ಆಗಲಿ, ಮಾಡ್ರಿ” ಎಂದುಬಿಟ್ಟೆ. ಡೀಲರನ ಸರ್ವಿಸ್ ನೋಡಿಕೊಳ್ಳುವವನು ಬೆಳಗಾವಿ ಕಡೆಯವನು, ಕನ್ನಡ ಬರುತ್ತಿತ್ತು. ಅಂಥ ಗಿರಾಕಿಯನ್ನು ಅವನೂ ನೋಡಿರಲಿಕ್ಕಿಲ್ಲ. “ಒಮ್ಮೆ ವಿಚಾರ ಮಾಡಿ ಹೇಳ್ರಿ ಸಾಹೇಬ್ರ,” ಎಂದು ಅವನೇ ಒಂದು ಸಲ ಹೇಳಿದ. ವಿಚಾರ ಮಾಡುವುದಕ್ಕೆ ಏನಾದರೂ ಅನಿಸಬೇಕಲ್ಲ.

ಸಂಜೆ ಕಾರ್ಖಾನೆ ಮುಚ್ಚಿ ಬೈಪಾಸಿಗೆ ಹೋಗುತ್ತಿದ್ದೆ. ಲಾರಿಗಳ ನಡುವೆ ಜಾಗ ಸಿಕ್ಕಾಗ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು, ಒಂದು ಕ್ಷಣ ಎದೆ ಧಸಕ್ಕೆನ್ನುತ್ತಿತ್ತು. ಆಮೇಲೆ ಮತ್ತೆ ಮೊದಲಿನಂತೆಯೇ. ಮಗಳು ತಾನೂ ಬರುತ್ತೇನೆ ಎಂದು ಕೇಳುತ್ತಿದ್ದಳು. ಒಂದೆರಡು ಸಲ ಓಣಿಯ ಸುತ್ತ ತಿರುಗಿಸಿ ಇಳಿಸಿದ್ದೆ. ಅವಳ ಜೊತೆ ಕೂತಾಗ ಏನು ಮಾತಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಸಾಲೆಯ ಬಗ್ಗೆ ಕೇಳುತ್ತಿದ್ದೆ, ಅವಳು ಹೇಳುವುದರೊಳಗೆ ಮನೆ ಬರುತ್ತಿತ್ತು.

ಮಹಾನವಮಿ ಬರುವಷ್ಟರಲ್ಲಿ ಹೆಂಡತಿಯ ವರ್ಷ ಮುಗಿದು ನಾವು ಹಬ್ಬ ಮಾಡಬಹುದಾಗಿತ್ತು. ಕಾರ್ಖಾನೆಯಲ್ಲಿ ಖಂಡೇಪೂಜೆ, ಎಂದರೆ ಆಯುಧಪೂಜೆ ಮುಗಿಸಿ ಮನೆಗೆ ಬಂದೆ. ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕಾರಿನ ಮುಂದಿನ ಬಾನೆಟ್ಟು ಎತ್ತಲು ಹೇಳಿದರು. ಎತ್ತಿದೆ. ಒಳಗೆ ಪೆಟ್ಟಿಗೆ ಇಡುವ ಖಾಲಿ ಜಾಗ.

“ಎಂಜಿನ್ ಎಲ್ಲೈತ್ರಿ?”

“ಹಿಂದ ಐತ್ರಿ, ಸೀಟಿನ ಬೆನ್ನಿಗೆ.”

“ಮತ್ತ ಮುಂದ?”

“ಮುಂದ ಏನೂ ಇಲ್ರಿ.”

“ಇರ್ಲಿ, ಏನೂ ಇಲ್ಲದ್ದಕ್ಕೂ ಒಂದೀಟ ಕುಂಕುಮ ಹಚ್ಚೂಣು,” ಎಂದು ಆ ಖಾಲಿ ಗುಂಡಿಗೂ ಹಚ್ಚಿಯೇ ಬಿಟ್ಟರು. ಬಹಳ ದಿನಗಳ ಮೇಲೆ ನನಗೆ ನಗು ಬಂದಂತಾಯಿತು, ಪೂರ್ತಿ ಬರಲಿಲ್ಲ.

ಹೂವು ಏರಿಸುವ ಕೆಲಸ ಮಗಳದು. ಕಾರಿನ ಮುಂಭಾಗದಲ್ಲಿ, ದೀಪಗಳ ಕೆಳಗೆ, ಎಡಕ್ಕೊಂದು ಬಲಕ್ಕೊಂದು ಅಗಲವಾದ ಗಾಳಿಕಿಂಡಿಗಳಿದ್ದವು. ಎರಡರಲ್ಲೂ ಅವಳು ಚೆಂಡು ಹೂವು, ಮಾವಿನ ಎಲೆ ಒತ್ತೊತ್ತಾಗಿ ತುಂಬಿದಳು. ಚಂದ ಕಂಡಿತು. ಪೂಜೆಯ ಹೂವನ್ನು ನಾವಾಗಿ ತೆಗೆಯಬಾರದು, ತಾನೇ ಒಣಗಿ ಉದುರಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಲಾರಿ, ಟೆಂಪೋಗಳು ಹಬ್ಬ ಮುಗಿದು ವಾರಗಟ್ಟಲೆ ಒಣ ಮಾಲೆ ಹೊತ್ತುಕೊಂಡೇ ಓಡಾಡುತ್ತವೆ, ಅವಕ್ಕೇನೂ ಆಗುವುದಿಲ್ಲ. ಈ ಕಾರಿಗೆ ಎಂಜಿನ್ ಹಿಂದಿದ್ದರೂ ಅದನ್ನು ತಂಪು ಮಾಡುವ ರೇಡಿಯೇಟರುಗಳು ಮುಂದೆ, ಆ ಕಿಂಡಿಗಳ ಹಿಂದೆಯೇ ಇದ್ದವು. ನನಗದು ಗೊತ್ತಿತ್ತು, ಆ ದಿನ ತಲೆಗೆ ಹೊಳೆಯಲಿಲ್ಲ.

ಮುಂದಿನ ವಾರ ಬೈಪಾಸಿನಲ್ಲಿ ಹುಬ್ಬಳ್ಳಿ ಕಡೆಗೆ ಹೊರಟಿದ್ದಾಗ ಎಂಜಿನ್ನಿನ ಕಾವು ತೋರಿಸುವ ಮುಳ್ಳು ಏರತೊಡಗಿತು. ನೋಡಿದೆ. ಕೆಂಪು ದೀಪ ಹತ್ತಿತು. ಅದನ್ನೂ ನೋಡಿದೆ. ನಿಲ್ಲಿಸಬೇಕು ಎಂಬ ವಿಚಾರ ತಲೆಯಲ್ಲಿ ಬಂತು, ಕಾಲಿಗೆ ಇಳಿಯಲಿಲ್ಲ. ಗಬ್ಬೂರಿನ ಹತ್ತಿರ ಬೆನ್ನ ಹಿಂದಿನಿಂದ ಉಗಿ ಎದ್ದು ಎಂಜಿನ್ ತಾನೇ ನಿಂತಿತು. ಇಳಿದು ರಸ್ತೆಯ ಬದಿಗೆ ಕೂತೆ. ಹೆದರಿಕೆಯೂ ಆಗಲಿಲ್ಲ, ಅಯ್ಯೋ ಎಂದೂ ಅನಿಸಲಿಲ್ಲ. ಮರುದಿನ ಕಾರನ್ನು ಲಾರಿಯ ಮೇಲೆ ಹೇರಿ ಮುಂಬೈಗೆ ಕಳಿಸಿದೆ.

ಡೀಲರನ ಫೋನು ಬಂದಾಗ ಸಂಜೆ. ಮಗಳು ಫೋನಿನ ಪಕ್ಕದಲ್ಲೇ ಕೂತು ಗಣಿತ ಮಾಡುತ್ತಿದ್ದಳು.

“ಸಾಹೇಬ್ರ, ರೇಡಿಯೇಟರ್ ಮುಂದ ಚೆಂಡ ಹೂವು, ಮಾವಿನ ಎಲಿ ತುಂಬ್ಯಾವ್ರಿ,” ಎಂದ ಬೆಳಗಾವಿಯವನು.

“ಹೂವಿನಿಂದ ಕೆಟ್ಟಿತೇನ್ರಿ?” ಲೈನು ಸರಿ ಇರಲಿಲ್ಲ, ಕೂಗಿಯೇ ಕೇಳಿದೆ.

“ಹೂವಿನಿಂದ ಶುರು ಆತ್ರಿ. ಆದ್ರ ಲಗೂನ ನಿಂದರ್ಸಿದ್ರ ಬರೇ ಸ್ವಚ್ಛ ಮಾಡಿ ಕೊಡತಿದ್ವಿ. ಕೆಂಪ ದೀಪ ಹತ್ತಿದ ಮ್ಯಾಲೂ ಭಾಳ ಹೊತ್ತ ಓಡೈತಿ ಅಂತ ಕಂಪ್ಯೂಟರ್ ತೋರಸಾಕತ್ತೈತಿ. ಎಂಜಿನ್ ಪೂರಾ ಬಿಚ್ಚಬೇಕ್ರಿ.”

ಆಮೇಲೆ ಖರ್ಚು ಹೇಳಿದ. ಆ ದುಡ್ಡಿನಲ್ಲಿ ಅತ್ತೆಗೂ ಜಾಗವಿರುವ ಹೊಸ ಕಾರು ಬರುತ್ತಿತ್ತು. ನಾನು ರೂಢಿಯಂತೆ ಆಗಲಿ ಎಂದೆ. ದೀಪಾವಳಿ ಮುಗಿದ ಮೇಲೆ ಬಿಚ್ಚುತ್ತೇವೆ ಎಂದು ಅವನು ಫೋನಿಟ್ಟ. ಅವನು ಆಚೆಯಿಂದ ಹೇಳಿದ್ದೆಲ್ಲ ನನ್ನ ಕಿವಿಗೆ ಮಾತ್ರ ಬಿದ್ದಿತ್ತು. ಮಗಳು ಕೇಳಿಸಿಕೊಂಡದ್ದು ನಾನು ಕೂಗಿದ ಮಾತನ್ನು. ಇದು ನನಗೆ ಆಗ ತಿಳಿಯಲಿಲ್ಲ.

“ಹುಡುಗಿ ಯಾಕೋ ದೇವರಿಗೆ ಹೂವ ಏರಸವಲ್ಲದು, ನೋಡ್ರಿ,” ಎಂದು ಅತ್ತೆ ಒಂದು ದಿನ ಹೇಳಿದರು. ಸಾಲೆಯ ಅಭ್ಯಾಸ ಹೆಚ್ಚಿರಬೇಕು ಎಂದುಬಿಟ್ಟೆ.

ದೀಪಾವಳಿ ಪಾಡ್ಯದ ದಿನ ಗಂಡಸರನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿ ಆರತಿ ಬೆಳಗುತ್ತಾರೆ. ಹೆಂಡತಿ ಮಾಡುತ್ತಿದ್ದಳು, ಈ ಸಲ ಮಗಳು ಮಾಡಬೇಕು. ಸ್ನಾನ ಮಾಡಿ ಮಣೆಯ ಮೇಲೆ ಕೂತೆ. ಅತ್ತೆ ಅವಳ ಕೈಗೆ ತಟ್ಟೆ ಕೊಡಲು ಹೋದರು. ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

“ನಾ ಒಲ್ಲೆ.”

“ಹಬ್ಬದ ದಿನ ಹಂಗ ಅನಬಾರದವ್ವಾ. ಅಪ್ಪಗ ಕುಂಕುಮ ಹಚ್ಚು, ಬಾ.”

“ಒಲ್ಲೆ ಅಂದ್ರ ಒಲ್ಲೆ. ನೀನ ಹಚ್ಚು ಆಯಿ.”

ಅತ್ತೆ ಅವಳ ರಟ್ಟೆ ಹಿಡಿದು ಮುಂದೆ ಎಳೆದರು. ಅವಳು ಕಿರುಚಿದಳು. “ಹಚ್ಚಿದ್ರ ಅಪ್ಪನೂ ಸತ್ತ ಹೋಗ್ತಾನ!”

ಅತ್ತೆಯ ಕೈ ಸಡಿಲಾಯಿತು. ಹುಡುಗಿ ಗೋಡೆಗೆ ಆತು ನಿಂತು, ಬಿಕ್ಕುತ್ತ, ನೆಲ ನೋಡುತ್ತ ಹೇಳಿದಳು. “ಅವ್ವಗ ದವಾಖಾನ್ಯಾಗ ಗುಡಿ ದಾರ ನಾನ ಕಟ್ಟಿದ್ದೆ. ಹಣಿಗೆ ಅಂಗಾರಾನೂ ನಾನ ಹಚ್ಚಿದ್ದೆ. ಗಾಡಿಗೂ ಹೂವ ನಾನ ಹಾಕಿದ್ದೆ. ಎರಡೂ ಹೋದವು.”

ಹೆಂಡತಿ ಸತ್ತಾಗಿನಿಂದ ಮೊದಲ ಸಲ ನನಗೆ ನೋವಾಯಿತು, ಕೂತಲ್ಲಿ ಕೂರಲಾಗದಷ್ಟು ಆಯಿತು. ನನ್ನ ಪಕ್ಕದ ಕೋಣೆಯಲ್ಲಿ ಮಲಗುವ ಮಗಳು ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ಎದ್ದು ಹೋಗಿ ಅವಳ ಮುಂದೆ ಕೂತೆ.

“ಗಾಡಿ ನಿನ್ನ ಹೂವಿನಿಂದ ಕೆಟ್ಟಿಲ್ಲವ್ವಾ. ನಿಂದರ್ಸು ಅಂತ ಕೆಂಪ ದೀಪ ಹತ್ತಿತ್ತು. ನಾ ನೋಡಿದ್ದೆ. ನಿಂದರ್ಸಲಿಲ್ಲ.”

“ಯಾಕ?”

“ಅವ್ವ ಹೋದಾಗಿಂದ ನನಗ ಏನೂ ತಿಳಿಯದಂಗ ಆಗೈತಿ.”

“ಮತ್ತ ಅವ್ವ?”

“ಅವ್ವಗ ದೊಡ್ಡ ಜಡ್ಡಾಗಿತ್ತು. ಆ ದಾರ ಮಾತ್ರ ಬಿಚ್ಚಬ್ಯಾಡ್ರಿ, ನನ್ನ ಮಗಳ ಕಟ್ಯಾಳ ಅಂತ ನರ್ಸಬಾಯಿಗೆ ಹೇಳಿದ್ಲು. ನಾ ಅಲ್ಲೇ ಇದ್ದೆ.”

ಇದು ಖರೇ ನಡೆದದ್ದು. ಅವಳಿಗೆ ನಾನು ಹೇಳಿರಲೇ ಇಲ್ಲ.

ನಾನು ಮತ್ತೆ ಹೋಗಿ ಮಣೆಯ ಮೇಲೆ ಕೂತೆ. ಕೊನೆಗೆ ಅವಳು ಬಂದು ಕುಂಕುಮದಲ್ಲಿ ಬೆರಳು ಅದ್ದಿ, ಹಣೆಗೆ ಮುಟ್ಟಿಸಿಯೂ ಮುಟ್ಟಿಸದಂತೆ ಹಚ್ಚಿದಳು. ಆರತಿ ಎತ್ತುವಾಗ ಅತ್ತೆ ತಟ್ಟೆಗೆ ಕೆಳಗಿನಿಂದ ಕೈ ಕೊಟ್ಟರು.

ಹಬ್ಬ ಮುಗಿದ ಮೇಲೆ ಮುಂಬೈಗೆ ಫೋನು ಮಾಡಿ, ಎಂಜಿನ್ ಬಿಚ್ಚುವುದು ಬೇಡ, ಇದ್ದ ಸ್ಥಿತಿಯಲ್ಲೇ ಮಾರಿಬಿಡಿ ಎಂದೆ. ತಪಾಸಣೆಯ ಖರ್ಚು, ಅಲ್ಲಿ ನಿಲ್ಲಿಸಿಕೊಂಡದ್ದರ ಬಾಡಿಗೆ ಎಂದು ಕಳೆದು ಡೀಲರ್ ಕಳಿಸಿದ್ದು ಅಂದು ಕೊಳ್ಳದೆ ಬಂದ ಯಂತ್ರದ ಮುಂಗಡಕ್ಕೂ ಸಾಲಲಿಲ್ಲ. ಅದು ಆಮೇಲಿನ ಮಾತು. ಪಾಡ್ಯದ ಮಧ್ಯಾಹ್ನ ಹೋಳಿಗೆ ಊಟ ಮಾಡಿ ನಡುಮನೆಯಲ್ಲಿ ಚಾಪೆಯ ಮೇಲೆ ಅಡ್ಡಾದೆ. ಕಣ್ಣು ಮುಚ್ಚಿದ್ದೆ, ನಿದ್ದೆ ಹತ್ತಿರಲಿಲ್ಲ. ಮಗಳು ಸದ್ದಾಗದಂತೆ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಅಂಗೈ ನನ್ನ ಮೂಗಿನ ಹತ್ತಿರ ಬಂತು, ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ನೋಡಲು. ನಾನು ಕಣ್ಣು ತೆರೆಯಲಿಲ್ಲ. ಅವಳಿಗೆ ಕೇಳಲಿ ಎಂದು ಜೋರಾಗಿ ಉಸಿರಾಡಿದೆ.