ನಡೆಸಿ ಕಲಿಸುವ ಊರ್ಮಿಳಾ ಟೀಚರು

ಬಮ್ಮಿಗಟ್ಟಿಯ ಶಾಲೆಯ ಅಂಗಳಕ್ಕೆ ಇನ್ನೂ ಬಿಸಿಲು ಬಿದ್ದಿಲ್ಲ. ಗಂಟೆ ಹೊಡೆಯುವ ಮೊದಲೇ ಬಂದ ಮಕ್ಕಳು ಹಿಮ್ಮುಖವಾಗಿ ನಡೆಯುತ್ತಿದ್ದಾರೆ. ಅವರ ಬೆನ್ನ ಹಿಂದೆ, ಬೇವಿನ ಮರದ ಬುಡದಲ್ಲಿ, ಅತಿಥಿ ಶಿಕ್ಷಕಿ ಊರ್ಮಿಳಾ ಕೈಚಾಚಿ ನಿಂತಿದ್ದಾರೆ. ದಾರಿಹೋಕರಿಗೆ ಇದು ಹುಡುಗಾಟ, ಅವರಿಗೆ ಇಂಗ್ಲಿಷ್ ಪಾಠ.

“ಫಾರ್ವರ್ಡ್ ಅಂದ್ರ ಮಾರಿ ಇದ್ದ ಕಡೆ ಮುಂದ ಹೋಗೂದು. ಟುವರ್ಡ್ ಅಂದ್ರ ಯಾರದರ ಕಡೆ ಹೋಗೂದು. ಹಿಂದ ಹಿಂದ ನಡದು ನನ್ನ ಕಡೆ ಬಂದ್ರೂ ಅದು ಟುವರ್ಡ್. ಅದಕ್ಕ ಅಲ್ಲೆ ಒಬ್ಬರು ಬೇಕು” ಎನ್ನುತ್ತಾರೆ. ಪುಸ್ತಕದಲ್ಲಿ ಎರಡೂ ಒಂದೇ ಬಾಲದ ಪದಗಳು, ಮಕ್ಕಳು ಕಲಸುಮೇಲೋಗರ ಮಾಡಿಬಿಡುತ್ತಾರೆ. ಅಂಗಳದಲ್ಲಿ ನಡೆದವರು ಮರೆಯುವುದಿಲ್ಲ.

ಈ ಪಾಠ ಅವರ ತಂದೆ ಏಕನಾಥ ಮಾಸ್ತರರದು. ಇದೇ ಶಾಲೆಯಲ್ಲಿ ಕಲಿಸುತ್ತ ತಲೆ ನರೆದವರು. ಸೈಕಲ್ಲು, ಕರಿ ಟೊಪ್ಪಿಗೆ, ಕಿಸೆ ತುಂಬ ಸೀಮೆಸುಣ್ಣದ ಪುಡಿ. ಹಿಮ್ಮುಖವಾಗಿ ನಡೆಯಲು ಹೆದರಿ ಅಳುತ್ತಿದ್ದ ಪುಟ್ಟ ಊರ್ಮಿಳಾಳ ಬೆನ್ನಿಗೆ ಅಪ್ಪನ ಅಗಲ ಅಂಗೈ ತಾಗುತ್ತಿತ್ತು. ಎಂಥ ಧೈರ್ಯ ಬರುತ್ತಿತ್ತು ಎಂದು ನೆನೆಯುವಾಗ ಅವರ ಕಣ್ಣು ಒದ್ದೆಯಾಗುತ್ತದೆ.

ಹೋದ ವರ್ಷ ಮಾಸ್ತರರಿಗೆ ಲಕ್ವಾ ಹೊಡೆಯಿತು. ಕೋಲೂರಿ ನಡೆಯಬಲ್ಲರೆಂದು ಡಾಕ್ಟರು ಹೇಳಿದ್ದಾರೆ. ಎಳೆಯುವ ಕಾಲನ್ನು ಊರಿಗೆ ತೋರಿಸಲು ಮಾಸ್ತರರಿಗೆ ಮನಸ್ಸಿಲ್ಲ, ಹೊಸ್ತಿಲು ದಾಟುವುದಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟ. ಹೀಗೇ ಕುಳಿತರೆ ಇರುವ ಶಕ್ತಿಯೂ ಹೋದೀತೆಂದು ಮಗಳಿಗೆ ಅಂಜಿಕೆ. ನಸುಕಿನಲ್ಲೆದ್ದು ಅವರ ಕಾಲಿಗೆ ಎಣ್ಣೆ ತಿಕ್ಕಿ, ರೊಟ್ಟಿ ಬಡಿದು, ಶಾಲೆಗೆ ಓಡುತ್ತಾರೆ. ಜೂನಿನಲ್ಲಿ ಮತ್ತೆ ಕರೆ ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಆದರೂ ಆ ಚಿಂತೆ ಅವರಿಗೆ ಎರಡನೆಯದು.

ರಮಿಸಿದರು, ರೇಗಿದರು, ರಟ್ಟೆ ಹಿಡಿದು ಎಬ್ಬಿಸಿದರು. ಯಾವುದೂ ನಾಟಲಿಲ್ಲ.

“ನಾ ಹಿಂದಿನಿಂದ ದೂಡ್ಲಿಕ್ಕೆ ಹತ್ತಿದ್ದೆ. ಅವರ ಮುಂದ ಯಾರೂ ಇದ್ದಿದ್ದಿಲ್ಲ” ಎನ್ನುತ್ತಾರೆ ಊರ್ಮಿಳಾ.

ಮನೆ ಶಾಲೆಯ ಎದುರಿಗೇ ಇದೆ. ಇವತ್ತು ಅವರು ಮಕ್ಕಳನ್ನು ಗೇಟಿನ ಹೊರಗೆ ಸಾಲಾಗಿ ನಿಲ್ಲಿಸುತ್ತಾರೆ, ಎಲ್ಲರ ಮುಖ ಆ ಬಾಗಿಲಿಗೆ. ಇವತ್ತಿನ ಪಾಠಕ್ಕೆ ದೊಡ್ಡ ಮಾಸ್ತರರೇ ಬೇಕಂತೆ ಎಂದು ಮನೆಯೊಳಗೆ ಕೇಳಿಸುವಂತೆ ಹೇಳುತ್ತಾರೆ. ಮಕ್ಕಳು ಗುಸುಗುಸು ಮಾತನಾಡಿಕೊಳ್ಳುತ್ತಾರೆ. ಆಮೇಲೆ ಕೋಲಿನ ಸದ್ದು ಕೇಳಿಸುತ್ತದೆ, ಮಾಸ್ತರರು ಹೊಸ್ತಿಲು ದಾಟಿ ಬೀದಿಗೆ ಇಳಿಯುತ್ತಾರೆ. ಟೊಪ್ಪಿಗೆ ಹಾಕಿಕೊಂಡಿದ್ದಾರೆ.

ಒಬ್ಬಳು ಹುಡುಗಿ ಕೈಹಿಡಿಯಲು ಓಡಹೊರಡುತ್ತಾಳೆ. ಊರ್ಮಿಳಾ ಅವಳ ಭುಜ ಹಿಡಿದು ನಿಲ್ಲಿಸುತ್ತಾರೆ.

“ಬ್ಯಾಡ, ನಿಂದ್ರು. ಅಪ್ಪ ನಮ್ಮ ಕಡೇನ ಬರ್ಲಿಕ್ಕೆ ಹತ್ಯಾರ.”